ರಸ್ತೆಗೆ ಮುಂಚೆ ನೆಲ ನೋಡೋದು ಯಾಕೆ?

ಬಯಲಲ್ಲಿ ದುಂಡಗೆ ಸುತ್ತುಗಟ್ಟಿದ ದೊಡ್ಡ ಕಲ್ಲುಗಳನ್ನು ನೋಡಿದ್ದೀರಾ? ಹಿರಿಯರು ಇಂಥವನ್ನು ಪಾಂಡವರು ಕಟ್ಟಿದ್ದು ಅಂತಾರೆ. ಇವು ಎರಡು ಸಾವಿರ ವರ್ಷಕ್ಕೂ ಹಿಂದಿನ, ಕಬ್ಬಿಣ ಬಳಸುತ್ತಿದ್ದ ಜನರ ಸಮಾಧಿಗಳು. ಇವಕ್ಕೆ ಬೃಹತ್ ಶಿಲಾ ಸಮಾಧಿ ಎಂದು ಹೆಸರು. ವೈಟ್‌ಫೀಲ್ಡ್‌ ಆಚೆ, ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಡಾ. ಎಂ. ಶೇಷಾದ್ರಿಯವರು ಇಂಥವನ್ನೇ ಅಗೆಸಿದರು.

ಇಂಥ ಸಮಾಧಿಗಳಲ್ಲಿ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಆಯುಧ, ಮೂಳೆ ಸಿಗುತ್ತವೆ. ಯಾವ ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕ ಇತ್ತು ಅನ್ನೋದೇ ಮುಖ್ಯ. ಅದಕ್ಕೇ ದಾರ ಕಟ್ಟಿ ಚೌಕ ಮಾಡುತ್ತಾರೆ. ಕರಣೆ, ಬ್ರಷ್ಷಿನಿಂದ ಮೆಲ್ಲಗೆ ಕೆರೆದು, ಅಳತೆ ಬರೆದು, ಫೋಟೋ ತೆಗೆದು, ಮಣ್ಣನ್ನು ಜರಡಿ ಹಿಡೀತಾರೆ.

1891ರಲ್ಲಿ ಪೀಣ್ಯದ ಹತ್ತಿರದ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆದಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಬೆಳ್ಳಿಯಾದ್ದರಿಂದ ಕಣ್ಣಿಗೆ ಬಿತ್ತು. ಮಡಕೆ ಚೂರು, ಬೂದಿ, ಮೂಳೆ ಜೆಸಿಬಿಗೆ ಎಲ್ಲಿ ಕಾಣಬೇಕು? ಒಂದೇ ಗಂಟೆಯಲ್ಲಿ ಎಲ್ಲ ಕಲಸಿಹೋಗುತ್ತೆ. ಆಮೇಲೆ ಯಾರು ಬಂದರೂ ಓದೋಕಾಗಲ್ಲ.

ರಸ್ತೆ ನಮಗೂ ಬೇಕು. ಮೊದಲೇ ಅಗೆದು ಬರೆದಿಟ್ಟುಕೊಂಡರೆ ರಸ್ತೆಯೂ ಆಗುತ್ತೆ, ಚರಿತ್ರೆಯೂ ಉಳಿಯುತ್ತೆ. ಇಂಥ ಕಲ್ಲು ಕಂಡರೆ ಕೀಳಬೇಡಿ, ಮೇಷ್ಟರಿಗೆ ತಿಳಿಸಿ.