ಪಾಡ್‌ಕಾಸ್ಟ್ | ಎದೆ ಡವಡವ ಅಂದಾಗ ಉಸಿರು ಬಿಡುವ ಬಗೆ

ಇವತ್ತಿನ ವಿಷಯ ಉಸಿರು. ಟೆನ್ಷನ್ ಆದಾಗ ‘ಒಂದ್ಸಲ ಜೋರಾಗಿ ಉಸಿರು ಎಳ್ಕೋ’ ಅಂತ ಎಲ್ಲರೂ ಹೇಳ್ತಾರೆ. ಆದರೆ ಹೃದಯದ ಓಟ ತಗ್ಗುವುದು ಉಸಿರು ಎಳೆಯುವಾಗ ಅಲ್ಲ, ಬಿಡುವಾಗ. ಅದು ಹೇಗೆ, ಅದನ್ನು ಬಳಸಿಕೊಳ್ಳೋದು ಹೇಗೆ, ಯಾವಾಗ ಉಸಿರಾಟವನ್ನು ನಂಬಿ ಕೂರಬಾರದು ಅನ್ನೋದನ್ನ ನೋಡೋಣ.

ಭಯದ ಸುತ್ತು

2025ರ ಜೂನ್, ಜುಲೈ ತಿಂಗಳು ನೆನಪಿರಬಹುದು. ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಇಂಥ ಸುದ್ದಿ ಓದಿ ಮಲಗಿದ ರಾತ್ರಿ ಎದೆ ಸ್ವಲ್ಪ ಜೋರಾಗಿ ಹೊಡ್ಕೊಂಡ್ರೂ ‘ನನಗೇನೋ ಆಗ್ತಿದೆ’ ಅನ್ನಿಸೋದು ಸಹಜ. ಹಾಗೆ ಅನ್ನಿಸಿದ ಕೂಡಲೇ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ, ಎದೆಬಡಿತ ಇನ್ನೂ ಜೋರಾಗತ್ತೆ. ಅದನ್ನು ಗಮನಿಸಿ ಮನಸ್ಸು ಇನ್ನೂ ಹೆದರತ್ತೆ.

ಇಲ್ಲಿ ಉಸಿರಾಟವೂ ಸೇರಿಕೊಳ್ಳುತ್ತದೆ. ಗಾಬರಿಯಲ್ಲಿ ನಾವು ಬೇಗ ಬೇಗ, ದೊಡ್ಡ ದೊಡ್ಡ ಉಸಿರು ತಗೋತೀವಿ. ಆಗ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ಮೆದುಳಿನ ರಕ್ತನಾಳಗಳು ಕಿರಿದಾಗಿ ತಲೆ ಸುತ್ತತ್ತೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ ಅನ್ನತ್ತೆ. ‘ಉಸಿರೇ ಸಿಗ್ತಿಲ್ಲ’ ಅನ್ನಿಸಿ ಇನ್ನೂ ಜೋರಾಗಿ ಎಳೀತೀವಿ. ಅದಕ್ಕೇ ಗಾಬರಿಯಾದವರಿಗೆ ‘ಜೋರಾಗಿ ಎಳ್ಕೋ’ ಅನ್ನೋ ಸಲಹೆ ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ.

ಈ ಸುತ್ತನ್ನು ಎಲ್ಲಿಂದ ಬಿಡಿಸೋದು? ‘ಹೆದರಬೇಡ’ ಅಂದ್ರೆ ಮನಸ್ಸು ಕೇಳಲ್ಲ. ‘ನಿಧಾನ ಆಗು’ ಅಂದ್ರೆ ಹೃದಯವೂ ಕೇಳಲ್ಲ. ಉಸಿರು ಮಾತ್ರ ಬೇರೆ. ನಿದ್ದೆಯಲ್ಲಿದ್ದಾಗ ತನ್ನಷ್ಟಕ್ಕೆ ನಡೆಯುತ್ತದೆ, ಎಚ್ಚರದಲ್ಲಿ ಬೇಕಾದಾಗ ನಮ್ಮ ಮಾತೂ ಕೇಳುತ್ತದೆ. ಕೈಗೆ ಸಿಗುವ ಹಗ್ಗದ ತುದಿ ಅದೊಂದೇ.

ಹೃದಯದ ಬ್ರೇಕ್

ಮೆದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆಯವರೆಗೆ ಹರಡುವ ಒಂದು ಜೋಡಿ ನರ ಇದೆ. ಹೆಸರು ವೇಗಸ್. ಹೆಸರಲ್ಲಿ ‘ವೇಗ’ ಇದ್ದರೂ ಹೃದಯದ ವಿಷಯದಲ್ಲಿ ಇದರ ಕೆಲಸ ಬ್ರೇಕ್ ಹಾಕೋದು! ನರಗಳ ಹಿಡಿತವಿಲ್ಲದೆ ಬಿಟ್ಟರೆ ಹೃದಯ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಹೃದಯ ಕಸಿಯಲ್ಲಿ ಈ ನರಗಳು ಕತ್ತರಿಸಿಹೋಗುವುದರಿಂದ, ಹೊಸ ಹೃದಯದ ಬಡಿತ ವಿಶ್ರಾಂತಿಯಲ್ಲೂ ಹೆಚ್ಚಿರುತ್ತದೆ. ನಾವು ಸುಮ್ಮನೆ ಕೂತಾಗ ಬಡಿತ 70ರ ಆಸುಪಾಸಿಗೆ ಇಳಿದಿರೋದು ವೇಗಸ್ ನರದಿಂದ.

ಈ ಬ್ರೇಕ್ ಹೇಗೆ ಕೆಲಸ ಮಾಡತ್ತೆ ಅನ್ನೋದನ್ನ 1921ರಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಕಪ್ಪೆಗಳ ಹೃದಯದ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಒಂದು ಹೃದಯದ ವೇಗಸ್ ನರವನ್ನು ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು! ಅಂದ್ರೆ ನರದಿಂದ ಯಾವುದೋ ರಾಸಾಯನಿಕ ಬಿಡುಗಡೆಯಾಗುತ್ತಿತ್ತು. ಅದೇ ಅಸಿಟೈಲ್‌ಕೋಲಿನ್. ಲೋವಿ ಅವರಿಗೆ 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು.

ಉಸಿರಿಗೂ ಇದಕ್ಕೂ ಏನು ಸಂಬಂಧ? ಉಸಿರು ಒಳಗೆ ಎಳೆಯುವಾಗ ಈ ಬ್ರೇಕ್ ಸ್ವಲ್ಪ ಸಡಿಲವಾಗಿ ಬಡಿತ ಏರತ್ತೆ. ಉಸಿರು ಬಿಡುವಾಗ ಬ್ರೇಕ್ ಮತ್ತೆ ಬಿಗಿಯಾಗಿ ಬಡಿತ ಇಳಿಯತ್ತೆ. ಬೇಕಿದ್ರೆ ಈಗಲೇ ನೋಡಿ. ಹೆಬ್ಬೆರಳಿನ ಕೆಳಗೆ, ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನಕ್ಕೆ ಎಳೆದು, ಇನ್ನೂ ನಿಧಾನಕ್ಕೆ ಬಿಡಿ. ಉಸಿರು ಬಿಡುವಾಗ ಬಡಿತಗಳ ನಡುವಿನ ಅಂತರ ಹೆಚ್ಚಾಗೋದು ಹಲವರಿಗೆ ಬೆರಳಿಗೇ ಗೊತ್ತಾಗತ್ತೆ. ಯುವಜನರಲ್ಲಿ ಈ ಏರಿಳಿತ ಹೆಚ್ಚು ಸ್ಪಷ್ಟ. ಹಾಗಾಗಿ ನಾಡಿ ಸ್ವಲ್ಪ ಹೆಚ್ಚುಕಮ್ಮಿ ಆಯ್ತು ಅಂತ ಗಾಬರಿಯಾಗಬೇಡಿ, ಅದು ಆರೋಗ್ಯವಂತ ಹೃದಯದ ಲಕ್ಷಣ.

ಇನ್ನೊಂದು ವಿಷಯ. ವೇಗಸ್ ನರದ ಬಹುಪಾಲು ಎಳೆಗಳು ಸುದ್ದಿ ಒಯ್ಯೋದು ಕೆಳಗಿನಿಂದ ಮೇಲಕ್ಕೆ, ಅಂದ್ರೆ ದೇಹದಿಂದ ಮೆದುಳಿಗೆ. ಎದೆ ನಿಧಾನವಾಗಿದೆ ಅನ್ನೋ ಸುದ್ದಿ ಮೇಲಕ್ಕೆ ತಲುಪುತ್ತದೆ. ಹೃದಯಕ್ಕೂ ಮನಸ್ಸಿಗೂ ನಂಟು ಅನ್ನೋದು ಬರೀ ಕವಿಗಳ ಮಾತಲ್ಲ.

ನಾಲ್ಕು ಒಳಗೆ, ಆರು ಹೊರಗೆ

ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದನ್ನು ಆರರ ಸುಮಾರಿಗೆ ತಂದಾಗ ಹೃದಯ ಬಡಿತ, ರಕ್ತದೊತ್ತಡ, ಉಸಿರು ಮೂರರ ಏರಿಳಿತವೂ ಒಂದೇ ತಾಳಕ್ಕೆ ಬೀಳುತ್ತದೆ. 2001ರಲ್ಲಿ ಲೂಸಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸ್ವಾರಸ್ಯವಿತ್ತು. ಲ್ಯಾಟಿನ್‌ನಲ್ಲಿ ಜಪಮಾಲೆ ಪ್ರಾರ್ಥನೆ ಹೇಳಿದಾಗಲೂ, ‘ಓಂ ಮಣಿ ಪದ್ಮೇ ಹೂಂ’ ಮಂತ್ರ ಹೇಳಿದಾಗಲೂ ಉಸಿರು ಹೆಚ್ಚುಕಡಿಮೆ ನಿಮಿಷಕ್ಕೆ ಆರಕ್ಕೇ ಬಂದು ನಿಂತಿತ್ತು.

ನಿಮಗೆ ಆ್ಯಪ್ ಏನೂ ಬೇಡ. ಫೋನ್ ಪಕ್ಕಕ್ಕಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂತ್ಕೊಳ್ಳಿ. ಮೂಗಿನಿಂದ ಉಸಿರು ಎಳೆಯುತ್ತಾ ನಾಲ್ಕರವರೆಗೆ ಎಣಿಸಿ. ಬಿಡುತ್ತಾ ಆರರವರೆಗೆ ಎಣಿಸಿ. ಎದೆ ಉಬ್ಬಿಸಬೇಡಿ, ಹೊಟ್ಟೆ ಮೆಲ್ಲಗೆ ಏರಿಳಿದರೆ ಸಾಕು. ಒಂದು ಉಸಿರು ಮುಗಿದರೆ ಹೆಬ್ಬೆರಳನ್ನು ಬೆರಳಿನ ಒಂದು ಗೆರೆಯಿಂದ ಮುಂದಿನ ಗೆರೆಗೆ ಸರಿಸಿ, ಅಜ್ಜಿಯರು ಜಪ ಎಣಿಸ್ತಾರಲ್ಲ ಹಾಗೆ. ನಾಲ್ಕು ಬೆರಳಿಗೆ 12 ಉಸಿರು, ಅಂದ್ರೆ ಎರಡು ನಿಮಿಷ.

ನಡುವೆ ಮನಸ್ಸು ನಾಳೆಯ ಇಂಟರ್‌ವ್ಯೂ ಕಡೆಗೋ, ಸೀನ್ ಆಗಿಯೂ ರಿಪ್ಲೈ ಬಾರದ ಮೆಸೇಜ್ ಕಡೆಗೋ ಓಡತ್ತೆ. ಓಡಲಿ. ಬೈಕೋಬೇಡಿ. ಗೊತ್ತಾದ ಕೂಡಲೇ ಮತ್ತೆ ಉಸಿರಿಗೆ ವಾಪಸ್ ಬನ್ನಿ. ಹೀಗೆ ವಾಪಸ್ ಬರೋದೇ ಅಭ್ಯಾಸ.

ಅಷ್ಟು ಹೊತ್ತು ಇಲ್ವಾ? ನಿಟ್ಟುಸಿರು ಬಿಡಿ. ನಿಟ್ಟುಸಿರು ಅಂದ್ರೇನೇ ನಿಡಿದಾದ, ಅಂದ್ರೆ ಉದ್ದನೆಯ ಉಸಿರು. ಭಾರದ ಬ್ಯಾಗ್ ಇಳಿಸಿ ‘ಉಸ್ಸಪ್ಪಾ’ ಅಂತೀವಲ್ಲ, ಅದೂ ಇದೇ. ಮೂಗಿನಿಂದ ಒಮ್ಮೆ ಎಳೆದು, ಅದರ ಮೇಲೆ ಇನ್ನೊಂಚೂರು ಎಳೆದು, ಬಾಯಿಂದ ಉದ್ದಕ್ಕೆ ಬಿಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಐದು ನಿಮಿಷ, ಒಂದು ತಿಂಗಳು ಹೀಗೆ ಮಾಡಿದವರ ಮನಸ್ಥಿತಿ ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು.

ಉಸಿರಾಟ ಸಾಲದಿರುವಾಗ

ಇದನ್ನು ದಯವಿಟ್ಟು ಸ್ಕಿಪ್ ಮಾಡ್ಬೇಡಿ. ಎದೆ ಮೇಲೆ ಭಾರ ಇಟ್ಟಂಥ ನೋವು, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಪ್ರಜ್ಞೆ ತಪ್ಪಿದಂತಾಗೋದು ಇವು ಕಂಡರೆ ‘ಟೆನ್ಷನ್ ಇರ್ಬೇಕು’ ಅಂತ ಉಸಿರು ಎಣಿಸುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. ವಯಸ್ಸು 22 ಆಗಿದ್ದರೂ ಅಷ್ಟೇ. ಗಾಬರಿಯೋ ಹೃದಯದ ತೊಂದರೆಯೋ ಅಂತ ಹೇಳಬೇಕಾದವರು ಇಸಿಜಿ ನೋಡಿದ ಡಾಕ್ಟರ್. ಆಸ್ತಮಾ ಅಥವಾ ಹೃದಯದ ಕಾಯಿಲೆ ಇರುವವರು ಮೊದಲು ಅವರನ್ನು ಕೇಳಿ. ಅಭ್ಯಾಸದ ನಡುವೆ ತಲೆ ಸುತ್ತಿದರೆ ಎಣಿಕೆ ಬಿಟ್ಟು ಮಾಮೂಲಿಯಾಗಿ ಉಸಿರಾಡಿ.

ಹಾಗೇ, ಸಾಲ, ಮನೆಯಲ್ಲಿ ಜಗಳ, ಬಿಡುವೇ ಕೊಡದ ಕೆಲಸ ಇವನ್ನು ಉಸಿರು ಬಗೆಹರಿಸಲ್ಲ. ಮುಂದೇನು ಮಾಡೋದು ಅಂತ ಯೋಚಿಸೋಕೆ ಒಂದೆರಡು ನಿಮಿಷದ ಸಮಾಧಾನ ಕೊಡತ್ತೆ, ಅಷ್ಟೇ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರತ್ತೆ, ಕನ್ನಡದಲ್ಲೇ ಮಾತಾಡಬಹುದು.

ಇವತ್ತು ಮಲಗುವ ಮುಂಚೆ ನಾಲ್ಕು ಬೆರಳಿನಷ್ಟು ಎಣಿಸಿ ನೋಡಿ. ಆರಾಮಾಗಿರುವಾಗ ರೂಢಿಯಾಗಿದ್ದರೆ ಗಾಬರಿಯಾದಾಗ ತಾನಾಗೇ ಕೈಗೆ ಸಿಗತ್ತೆ.