ನಕ್ಷತ್ರಕ್ಕೆ ಬಾಲ ಮೂಡಿದರೆ ದೋಷ ಯಾರದು?

ಕೇಂಬ್ರಿಜ್‌ನ ತರುಣ ಗಣಿತಜ್ಞ ಜಾರ್ಜ್ ಬಿಡೆಲ್ ಏರಿ ಅವರಿಗೆ, ಓದುವಾಗ ತಮ್ಮ ಎಡಗಣ್ಣು ನೆರವಿಗೇ ಬಾರದೆಂಬುದು ಒಂದು ದಿನ ಅರಿವಾಯಿತು. ಬೆಳಕಿನ ಬಿಂದು ಆ ಕಣ್ಣಿಗೆ ಗೆರೆಯಾಗಿ ಕಾಣುತ್ತಿತ್ತು. ಸಾಮಾನ್ಯ ಕನ್ನಡಕದಿಂದ ಪ್ರಯೋಜನವಾಗಲಿಲ್ಲ. ಅವರು ರಟ್ಟಿನಲ್ಲಿ ಸೂಜಿರಂಧ್ರ ಮಾಡಿ, ಅದನ್ನು ಕಣ್ಣಿನ ಹತ್ತಿರಕ್ಕೂ ದೂರಕ್ಕೂ ಸರಿಸುತ್ತ, ಗೆರೆಯ ದಿಕ್ಕು ಎಲ್ಲೆಲ್ಲಿ ಬದಲಾಗುವುದೆಂದು ಅಳೆದರು. ಆ ಲೆಕ್ಕದಂತೆ ಒಂದು ಮುಖ ಗೋಳಾಕಾರವಾಗಿಯೂ ಇನ್ನೊಂದು ಉರುಳೆಯಾಕಾರವಾಗಿಯೂ ತಗ್ಗಾಗಿರುವ ಮಸೂರವನ್ನು ಇಪ್ಸ್‌ವಿಚ್ ಊರಿನ ಕುಶಲಕರ್ಮಿಯೊಬ್ಬ ಉಜ್ಜಿಕೊಟ್ಟ. ಇದು 1825ರ ಸುಮಾರಿನ ಸಂಗತಿ. ಹತ್ತು ವರ್ಷಗಳ ತರುವಾಯ ಏರಿ ಇಂಗ್ಲೆಂಡಿನ ರಾಜಖಗೋಳಜ್ಞರಾದರು.

ಅಸ್ಟಿಗ್ಮ್ಯಾಟಿಸಂ ಎಂಬ ಆ ದೋಷ ಇಂದಿಗೂ ಹವ್ಯಾಸಿ ಖಗೋಳವೀಕ್ಷಕರನ್ನು ಕಾಡುತ್ತಿದೆ. ಸಮೀಪದೃಷ್ಟಿ, ದೂರದೃಷ್ಟಿಯವರು ಕನ್ನಡಕ ತೆಗೆದಿಟ್ಟು ದೂರದರ್ಶಕದ ಫೋಕಸ್ ತಿರುಗಿಸಿದರೆ ಸಾಕು. ಇದಕ್ಕೆ ಆ ಉಪಾಯ ನಡೆಯದು. ದುಡ್ಡು ಕೂಡಿಟ್ಟು ಕೊಂಡ ಉಪಕರಣದಲ್ಲಿ ನಕ್ಷತ್ರಕ್ಕೆ ಬಾಲ ಮೂಡಿದಾಗ ಕೊಂಡವನು ಗಾಜನ್ನೇ ಶಪಿಸುತ್ತಾನೆ, ಕೆಲವೊಮ್ಮೆ ಮಾರಿಯೂ ಬಿಡುತ್ತಾನೆ. ಅದಕ್ಕೆ ಮೊದಲು ತಲೆಯನ್ನು ಓರೆಮಾಡಿ ನೋಡಬೇಕು. ತಲೆಯೊಡನೆ ಬಾಲವೂ ತಿರುಗಿದರೆ ದೋಷ ಕಣ್ಣಿನದು. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾರಾಟಗಾರರು ಮೊದಲೇ ಹೇಳಿಕೊಡಬಾರದೇಕೆ?

ದೋಷ ಎಲ್ಲ ವರ್ಧನೆಯಲ್ಲೂ ಒಂದೇ ಸಮನಾಗಿ ಕಾಣದು. 200 ಮಿ.ಮೀ. ದೂರದರ್ಶಕ 40 ಪಟ್ಟು ಹಿಗ್ಗಿಸುವಾಗ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ 5 ಮಿ.ಮೀ.; 200 ಪಟ್ಟಿಗೆ 1 ಮಿ.ಮೀ. ಮಾತ್ರ. ಕಿರಿದಾದ ಕಂಬ ಕಣ್ಣುಗುಡ್ಡೆಯ ನಡುಭಾಗವನ್ನಷ್ಟೇ ಬಳಸುವುದರಿಂದ ಗುರು, ಶನಿ ಗ್ರಹಗಳು ಸ್ಪಷ್ಟವಾಗಿಯೇ ತೋರುತ್ತವೆ. ಕೆಡುವುದು ಕೃತ್ತಿಕೆಯಂತಹ ಹರಡಿದ ನೋಟ.

ಕನ್ನಡಕ ಹಾಕಿಯೇ ನೋಡಬಹುದು, ಆದರೆ ನೇತ್ರಕದ ಗಾಜಿನಿಂದ ಕಣ್ಣಿಗೆ ಸುಮಾರು 20 ಮಿ.ಮೀ. ಅಂತರ ದೊರೆಯಬೇಕು. ಇಲ್ಲವಾದರೆ ನೋಟದ ಅಂಚು ಕತ್ತರಿಸಿಹೋಗುತ್ತದೆ. ಅಮೆರಿಕದ ಟೆಲಿ ವ್ಯೂ ಸಂಸ್ಥೆಯ ಡಯಾಪ್ಟ್ರಿಕ್ಸ್ ಬೇರೆ ದಾರಿ ಹಿಡಿದಿದೆ: ಆ ಸಂಸ್ಥೆಯ ಕೆಲವು ನೇತ್ರಕಗಳ ತುದಿಗೆ ಕೂರಿಸುವ ಪುಟ್ಟ ಮಸೂರವದು. ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಎಂದು ಬರೆದ ಅಂಕಿಗೆ ತಕ್ಕುದನ್ನು ಆರಿಸಿ, ನಕ್ಷತ್ರ ಚುಕ್ಕೆಯಾಗುವವರೆಗೆ ತಿರುಗಿಸಿದರಾಯಿತು. ‘ಸ್ಫಿಯರ್’ ಅಂಕಿಯನ್ನು ಫೋಕಸ್ಸೇ ನೋಡಿಕೊಳ್ಳುತ್ತದೆ. ಚೀಟಿ ಹಳೆಯದಾಗಿರಬಾರದು; ವಯಸ್ಸಿನೊಡನೆ ದೋಷದ ಅಳತೆಯೂ ದಿಕ್ಕೂ ಬದಲಾಗುತ್ತವೆ.

ಹಲವರು ಸರದಿಯಲ್ಲಿ ನೋಡುವ ರಾತ್ರಿಗಳಲ್ಲಿ ಮಾತ್ರ ಅದನ್ನು ಪ್ರತಿಸಲವೂ ಕಳಚಬೇಕಾಗುತ್ತದೆ. ಒಬ್ಬರಿಗೆ ನಕ್ಷತ್ರವನ್ನು ಚುಕ್ಕೆಯಾಗಿಸಿದ ಗಾಜು, ಹಿಂದೆ ನಿಂತ ನಿರ್ದೋಷ ಕಣ್ಣಿನವರಿಗೆ ಅದನ್ನೇ ಗೆರೆಯಾಗಿ ಎಳೆದು ತೋರಿಸುತ್ತದೆ.