ಬೇಸ್ ಗಿಟಾರಿಗೆ ಯಾವ ಮೇಣ?

ಊರ ಹಬ್ಬಕ್ಕೆ ಇನ್ನೊಂದು ತಿಂಗಳಿರುವಾಗ ನಮ್ಮ ಗಾನವೃಂದದ ಹುಡುಗನೊಬ್ಬ ತನ್ನ ಹಳೆಯ ಬೇಸ್ ಗಿಟಾರನ್ನು ಹೊತ್ತು ತಂದ. ಎದ್ದುಹೋಗಿದ್ದ ಬಣ್ಣವನ್ನೆಲ್ಲ ತಾನೇ ಉಜ್ಜಿ ತೆಗೆದು ಬರೀ ಮರ ಕಾಣುವಂತೆ ಮಾಡಿದ್ದ. "ಫಾದರ್, ಇದಕ್ಕೆ ಮೇಣ ಹಚ್ಚಬೇಕು. ಉರಿದು ಉಳಿದ ಮೇಣದಬತ್ತಿ ತುಂಡುಗಳಿದ್ದರೆ ಕೊಡಿ" ಎಂದ.

ತುಂಡುಗಳೇನೋ ಡಬ್ಬದ ತುಂಬ ಇದ್ದವು. ಆದರೆ ಈಗಿನ ಬತ್ತಿಗಳಲ್ಲಿ ಹೆಚ್ಚಿನವು ಪೆಟ್ರೋಲಿಯಂನಿಂದ ಬರುವ ಪ್ಯಾರಾಫಿನ್. ಮರಕ್ಕೆ ಉಜ್ಜಿದರೆ ಜಿಡ್ಡಾಗಿ ನಿಲ್ಲುತ್ತದೆ, ಅಷ್ಟೇ.

ಮೇಣ ಆರಿಸುವ ಮೊದಲು ಮರದ ಮೇಲೆ ಈಗ ಏನಿದೆ ಎಂದು ನೋಡಬೇಕು. ಅಂಗಡಿಯಿಂದ ಬರುವ ಬಹುಪಾಲು ಗಿಟಾರುಗಳಿಗೆ ಪಾಲಿಯೆಸ್ಟರ್ ಇಲ್ಲವೇ ಪಾಲಿಯುರೆಥೇನ್ ಲೇಪವಿರುತ್ತದೆ. ಅದನ್ನು ದಾಟಿ ಮೇಣ ಒಳಕ್ಕೆ ಇಳಿಯುವುದೇ ಇಲ್ಲ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಜರ್ಮನಿಯ ವಾರ್ವಿಕ್ ಕಂಪನಿಯ ಅನೇಕ ಬೇಸ್‌ಗಳಿಗೆ ಆ ಲೇಪವಿಲ್ಲ, ಅವಕ್ಕೆ ಆಗಾಗ ಜೇನುಮೇಣ ಹಚ್ಚುತ್ತಾರೆ.

ನಮ್ಮ ಹುಡುಗನದು ಬರೀ ಮರ. ಅವನಿಗೆ ನಾನು ಒತ್ತಿ ಹೇಳಿದ್ದು ಒಂದೇ: "ಮೇಣ ಕುಡಿದ ಮರಕ್ಕೆ ಆಮೇಲೆ ವಾರ್ನಿಷ್ ಹಿಡಿಯುವುದಿಲ್ಲಪ್ಪ. ಮುಂದೆ ಬಣ್ಣ ಹೊಡೆಸುವ ಆಸೆಯಿದ್ದರೆ ಈಗಲೇ ನಿಲ್ಲಿಸು." ಸಿಲಿಕೋನ್ ಬೆರೆತ ಕಾರ್ ಪಾಲಿಶ್, ಪೀಠೋಪಕರಣದ ಸ್ಪ್ರೇಗಳಂತೂ ಇನ್ನೂ ಕೆಟ್ಟವು. ಬೂಟ್ ಪಾಲಿಶ್ ಹೊಳೆಯುತ್ತದೆ ನಿಜ, ಆದರೆ ಅದರ ಬಣ್ಣ ಬಿಳಿ ಅಂಗಿಗೂ ಹತ್ತುತ್ತದೆ.

ಅವನು ಎರಡು ದಿನ ಯೋಚಿಸಿ ಬಂದು, "ಮರವೇ ಇರಲಿ ಫಾದರ್" ಎಂದ.

ಬರೀ ಮೇಣ ಬೆವರನ್ನು ತಡೆಯದು. ಆದ್ದರಿಂದ ಮೊದಲು ಟಂಗ್ ಎಣ್ಣೆ: ತೆಳ್ಳಗೆ ಮೂರು ಸಲ, ಪ್ರತಿ ಸಲವೂ ಪೂರ್ತಿ ಒಣಗಿದ ಮೇಲೆ. (ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹೊತ್ತಬಹುದು. ಹೊರಗೆ ಬಿಡಿಸಿ ಒಣಗಿಸಿ.) ಆಮೇಲೆ ಮೇಣ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿಗೆ ಕರಗುವ ಮೆತ್ತನೆಯ ವಸ್ತು, ಸೆಖೆಯಲ್ಲಿ ಬೆರಳಚ್ಚು ಮೂಡುತ್ತದೆ. ಬ್ರೆಜಿಲ್ ದೇಶದ ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೋಬಾ ಮೇಣಕ್ಕೆ 80 ಡಿಗ್ರಿ ದಾಟಬೇಕು, ಅದು ಗಡಸು. ಎರಡೂ ಬೆರೆತ, ಸಿಲಿಕೋನ್ ಇಲ್ಲದ ಡಬ್ಬಿಯನ್ನೇ ತರಿಸಿದೆವು.

ಮೇಣದಿಂದ ನಾದ ಸುಧಾರಿಸುತ್ತದೆ ಎನ್ನುವವರಿದ್ದಾರೆ. ತಂತಿ ಮತ್ತು ಪಿಕಪ್‌ಗಳಿಂದ ಹುಟ್ಟುವ ನಾದಕ್ಕೆ ಮೇಲಿನ ಹೊಳಪು ಏನು ಮಾಡೀತು? ನನಗಂತೂ ನಂಬಿಕೆಯಿಲ್ಲ.

ಪಿಕಪ್‌ಗಳಿಗೆ ಟೇಪು ಅಂಟಿಸಿ, ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಉಜ್ಜಿದ. ಹಬ್ಬದ ದಿನ ಹಾಡು ಮುಗಿದೊಡನೆ ಬಿಳಿ ಅಂಗಿಯ ತೋಳನ್ನು ತಿರುಗಿಸಿ ನೋಡಿಕೊಂಡ. ಕಲೆ ಇರಲಿಲ್ಲ.